ಸೆಸಮಿ ಕಂಪನಿಯ ಚರಿತ್ರೆ ಓದಿ ಮೈಸೂರಿನಲ್ಲಿ ನಾವು ಮಾಡಿದ ಹತ್ತು ನಿಮಿಷ

ಅಂಗನವಾಡಿ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಗೊಂಬೆ ಕಾರ್ಯಕ್ರಮ ಮಾಡಬೇಕು ಅಂತ ಮೈಸೂರಿನಲ್ಲಿ ನಾವೊಂದಿಷ್ಟು ಜನ ಸೇರಿದೆವು. ನಾಟಕದಲ್ಲಿ ಪಳಗಿದ ಇಬ್ಬರು, ಮದುವೆ ಮನೆಗಳಲ್ಲಿ ಕ್ಯಾಮೆರಾ ಹಿಡಿಯುವ ಹುಡುಗ, ಹೊಲಿಗೆಯಲ್ಲಿ ಒಳ್ಳೆ ಕೈ ಇರುವ ಗೆಳತಿ, ಜೊತೆಗೆ ಶಿಶುವಿಹಾರದಲ್ಲಿ ವರ್ಷಗಟ್ಟಲೆ ಮಕ್ಕಳನ್ನು ಆಡಿಸಿದ ನಾನು. ಗೊಂಬೆ ಹೊಲಿಯೋಕೆ ಕೂರುವ ಮೊದಲೇ ನನಗೊಂದು ಕೆಲಸ ಬಿತ್ತು. ಪುಟ್ಟ ಮಕ್ಕಳ ಟಿವಿ ಕಾರ್ಯಕ್ರಮವನ್ನು ತುಂಬಾ ಚೆನ್ನಾಗಿ ಮಾಡಿದವರು ಯಾರು, ಅವರು ಹೇಗೆ ಕೆಲಸ ಮಾಡಿದರು, ಎಲ್ಲಾ ಓದಿಕೊಂಡು ಬಂದು ಉಳಿದವರಿಗೆ ಹೇಳಬೇಕು.

ನಾನು ಆರಿಸಿಕೊಂಡದ್ದು ನ್ಯೂಯಾರ್ಕಿನ ಒಂದು ಸಂಸ್ಥೆಯನ್ನು. 1968ರಲ್ಲಿ ಶುರುವಾದಾಗ ಅದರ ಹೆಸರು ಚಿಲ್ಡ್ರನ್ಸ್ ಟೆಲಿವಿಷನ್ ವರ್ಕ್‌ಶಾಪ್. 2000ದಲ್ಲಿ ಸೆಸಮಿ ವರ್ಕ್‌ಶಾಪ್ ಅಂತ ಹೆಸರು ಬದಲಾಯಿಸಿಕೊಂಡಿತು. ಒಂದು ಬೀದಿಯಲ್ಲಿ ಮನುಷ್ಯರೂ ಗೊಂಬೆಗಳೂ ಇರುವ ಮಕ್ಕಳ ಟಿವಿ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್' ಮಾಡಿದವರು ಇವರೇ. ನಮ್ಮ ದೇಶದಲ್ಲಿ 2006ರಿಂದ ಹಿಂದಿಯಲ್ಲಿ ಬಂದ 'ಗಲಿ ಗಲಿ ಸಿಮ್ ಸಿಮ್' ಕೂಡ ಇವರದ್ದೇ. ಸ್ಕೂಲ್ ಯೂನಿಫಾರಂ ಹಾಕಿಕೊಂಡ ಚಮ್ಕಿ, ಬೂಂಬಾ ಅನ್ನೋ ಸಿಂಹ, ಕೆಲವರಿಗಾದರೂ ನೆನಪಿರಬೇಕು. ಲಾಭಕ್ಕಾಗಿ ನಡೆಯುವ ಸಂಸ್ಥೆ ಅಲ್ಲ ಇದು. ಆದರೂ ನಮ್ಮ ಗುಂಪಿನಲ್ಲಿ 'ಸೆಸಮಿ ಕಂಪನಿ' ಅಂತಲೇ ಬಾಯಿಗೆ ಬಂದುಬಿಟ್ಟಿದೆ. ಇಲ್ಲೂ ಹಾಗೇ ಬರೆಯುತ್ತೇನೆ.

ಈ ಕಂಪನಿಯ ಗೊಂಬೆಗಳು ಎಲ್ಲರಿಗೂ ಗೊತ್ತು. ಆ ಗೊಂಬೆಗಳ ಹಿಂದೆ ಯಾರು ಯಾರು ಒಂದೇ ಮೇಜಿಗೆ ಕೂತರು ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಓದುತ್ತಾ ಹೋದಂತೆ ನನ್ನನ್ನು ಹಿಡಿದಿಟ್ಟದ್ದು ಅದೇ.

ಕಥೆ 1965ರ ಡಿಸೆಂಬರಿನಲ್ಲಿ ಶುರುವಾಗುತ್ತದೆ. ಲಾಯ್ಡ್ ಮಾರಿಸೆಟ್ ಅನ್ನುವವರು ಮನಶ್ಶಾಸ್ತ್ರ ಓದಿದವರು, ಕಾರ್ನೆಗಿ ಕಾರ್ಪೊರೇಷನ್ ಅನ್ನೋ ದತ್ತಿ ಸಂಸ್ಥೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಒಂದು ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಅವರ ಮೂರು ವರ್ಷದ ಮಗಳು ಟಿವಿ ಮುಂದೆ ಕೂತಿದ್ದಾಳೆ. ಕಾರ್ಯಕ್ರಮ ಇನ್ನೂ ಶುರುವಾಗಿಲ್ಲ. ಪರದೆ ಮೇಲೆ ಬರೀ ಗೆರೆಗಳ ಚಿತ್ರ, ಹಿಂದೆ ನಮ್ಮ ದೂರದರ್ಶನದಲ್ಲಿ ಬರುತ್ತಿತ್ತಲ್ಲ, ಅಂಥದ್ದು. ಮಗು ಅದನ್ನೇ ಕಣ್ಣು ಕೀಳದೆ ನೋಡುತ್ತಾ ಕಾಯುತ್ತಿದೆ. ಎರಡು ತಿಂಗಳಾದ ಮೇಲೆ, 1966ರ ಫೆಬ್ರವರಿಯಲ್ಲಿ, ಜೋನ್ ಗ್ಯಾಂಜ್ ಕೂನಿ ಅವರ ಮನೆಗೆ ಊಟಕ್ಕೆ ಹೋದಾಗ ಮಾರಿಸೆಟ್ ಕೇಳಿದರು, ಟಿವಿಯಿಂದ ಪುಟ್ಟ ಮಕ್ಕಳಿಗೆ ಏನಾದರೂ ಕಲಿಸೋಕೆ ಆಗುತ್ತಾ? ಕೂನಿ ಅವರು ನ್ಯೂಯಾರ್ಕಿನ ಸಾರ್ವಜನಿಕ ಟಿವಿ ವಾಹಿನಿಯಲ್ಲಿ ಸಾಕ್ಷ್ಯಚಿತ್ರ ಮಾಡುತ್ತಿದ್ದವರು. ಸುಮ್ನೆ 'ಆಗುತ್ತೆ' ಅಂದುಬಿಡಲಿಲ್ಲ. ಊರೂರು ತಿರುಗಿ, ಶಿಕ್ಷಣ ತಜ್ಞರನ್ನೂ ಮನಶ್ಶಾಸ್ತ್ರಜ್ಞರನ್ನೂ ಕಂಡು, ವರದಿ ಬರೆದರು. ಜಾಹೀರಾತಿನ ಹಾಡುಗಳನ್ನು ಮಕ್ಕಳು ಒಂದಕ್ಷರ ಬಿಡದೆ ಹಾಡುತ್ತವೆ. ಅದೇ ಜಾಣತನದಲ್ಲಿ ಅಕ್ಷರವನ್ನೂ ಅಂಕಿಯನ್ನೂ ಯಾಕೆ ಕಲಿಸಬಾರದು? ಅವರ ಯೋಚನೆ ಇದಾಗಿತ್ತು. ಮೊದಲ ಕಂತನ್ನು 'ಪ್ರಾಯೋಜಿಸಿದ್ದು' ಡಬ್ಲ್ಯೂ, ಎಸ್, ಇ ಅನ್ನೋ ಅಕ್ಷರಗಳು ಮತ್ತು 2, 3 ಅನ್ನೋ ಅಂಕಿಗಳು. ಜಾಹೀರಾತಿನವರ ದಾರಿಯಲ್ಲೇ ಹೋಗಿ ಮಕ್ಕಳ ಕೈಗೆ ಅಕ್ಷರ ಕೊಟ್ಟರು.

ಹಣ ಸುಮಾರು 80 ಲಕ್ಷ ಡಾಲರ್ ಕೂಡಿತು. ಅರ್ಧ ಅಮೆರಿಕದ ಸರ್ಕಾರದ್ದು. ಉಳಿದದ್ದು ಕಾರ್ನೆಗಿ, ಫೋರ್ಡ್ ಪ್ರತಿಷ್ಠಾನದಂಥವರದ್ದು. ಆಗ ಅಲ್ಲಿ ಬಡ ಮಕ್ಕಳು ಒಂದನೇ ಕ್ಲಾಸಿಗೆ ಬರುವಷ್ಟರಲ್ಲೇ ಹಿಂದೆ ಬಿದ್ದಿರುತ್ತಾರೆ ಅನ್ನೋ ಚಿಂತೆ ಜೋರಾಗಿತ್ತು. ಬಡ ಕುಟುಂಬದ ಪುಟಾಣಿಗಳಿಗೆ ಅಂತಲೇ ಹೆಡ್ ಸ್ಟಾರ್ಟ್ ಅನ್ನೋ ಯೋಜನೆ 1965ರಲ್ಲಿ ಬಂದಿತ್ತು. ಆದರೆ ಎಲ್ಲ ಮಕ್ಕಳಿಗೂ ಜಾಗ ಇರಲಿಲ್ಲ. ಟಿವಿ ಮಾತ್ರ ಬಡವರ ಮನೆಯಲ್ಲೂ ಇತ್ತು.

ಇದನ್ನು ಓದುವಾಗ ನನಗೆ ನಮ್ಮ ಜಿಲ್ಲೆಯೇ ಕಣ್ಣ ಮುಂದೆ ಬಂತು. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದಕ್ಕೆ ಮೊದಲು ಆರಿಸಿದ್ದು ನಮ್ಮ ಟಿ. ನರಸೀಪುರ. ಅದೇ ವರ್ಷ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತಲುಪಿಸುವ ಸೈಟ್ ಪ್ರಯೋಗ ನಡೆಯಿತು. ಕರ್ನಾಟಕದ ಪಾಲಿಗೆ ಬಂದದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಕಡೆಯ ಹಳ್ಳಿಗಳು. ಬೆಳಿಗ್ಗೆ ಹೊತ್ತು ಶಾಲಾ ಮಕ್ಕಳ ಕಾರ್ಯಕ್ರಮ, ಸಂಜೆ ದೊಡ್ಡವರದ್ದು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ ಆ ಕಡೆಯ ಹಳ್ಳಿ ಮಕ್ಕಳು ಟಿವಿಯಲ್ಲಿ ಪಾಠ ನೋಡಿದ್ದರು! ಈ ವಿಷಯ ಹೇಳಿದಾಗ ನಮ್ಮ ಗುಂಪಿನಲ್ಲಿ ಯಾರೂ ನಂಬಲಿಲ್ಲ.

ಇನ್ನೊಂದು ಮಾತು. 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಶುರು ಮಾಡಿದ ಎಂ. ವಿ. ಗೋಪಾಲಸ್ವಾಮಿ ಅವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಬಾನುಲಿಗೆ 'ಆಕಾಶವಾಣಿ' ಅನ್ನೋ ಹೆಸರು ಬಳಕೆಗೆ ಬಂದದ್ದು ಅಲ್ಲೇ. ಮನಸ್ಸನ್ನು ಓದಿದವರು ಪ್ರಸಾರಕ್ಕೆ ಕೈ ಹಾಕುವುದು ಈ ಊರಿಗೆ ಹೊಸದೇನಲ್ಲ. ಸೆಸಮಿ ಕಂಪನಿ ಮಾಡಿದ್ದೂ ಇದನ್ನೇ, ಇನ್ನೂ ದೊಡ್ಡದಾಗಿ.

ಆ ಮೇಜಿನ ವಿಷಯಕ್ಕೆ ಬರುತ್ತೇನೆ. 1968ರ ಬೇಸಿಗೆಯಲ್ಲಿ ಕಂಪನಿಯವರು ಬಾಸ್ಟನ್ ಮತ್ತು ನ್ಯೂಯಾರ್ಕಿನಲ್ಲಿ ಮೂರು ಮೂರು ದಿನದ ವಿಚಾರಗೋಷ್ಠಿಗಳನ್ನು ನಡೆಸಿದರು. ಮುಂದೆ ನಿಂತು ನಡೆಸಿದವರು ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಲೆಸ್ಸರ್. ಶಿಕ್ಷಕರು, ಸಂಶೋಧಕರು, ಚಿತ್ರಕಾರರು, ಟಿವಿ ನಿರ್ಮಾಪಕರು ಎಲ್ಲರೂ ಒಂದೇ ಕಡೆ. ಗೊಂಬೆಗಳ ಜಿಮ್ ಹೆನ್ಸನ್ ಕೂಡ ಬಂದು ಕೂತಿದ್ದರು. ಅಲ್ಲಿಂದ ಹೊರಬಂದದ್ದು ಗುರಿಗಳ ಒಂದು ಪಟ್ಟಿ. ಕಾರ್ಯಕ್ರಮ ನೋಡಿದ ಮಗುವಿಗೆ ಏನು ಮಾಡೋಕೆ ಬರಬೇಕು ಅಂತ ಬಿಡಿಬಿಡಿಯಾಗಿ ಬರೆದ ಪಟ್ಟಿ. 'ಅಕ್ಷರಗಳ ಪರಿಚಯ' ಅಂತ ಬರೆದರೆ ಸಾಲದು. 'ಅಕ್ಷರ ತೋರಿಸಿದರೆ ಮಗು ಅದರ ಹೆಸರು ಹೇಳುತ್ತದೆ' ಅಂತ ಬರೆಯಬೇಕು. ಆಗ ತಾನೇ ಕಲಿತಿದೆಯೋ ಇಲ್ಲವೋ ಅಂತ ಪರೀಕ್ಷೆ ಮಾಡೋಕೆ ಆಗೋದು?

ನಾವೂ ಹಾಗೇ ಕೂತೆವು, ಕುವೆಂಪುನಗರದ ನಮ್ಮ ಮನೆ ಹಾಲ್‌ನಲ್ಲಿ. ಅಂಗನವಾಡಿ ಟೀಚರ್ ಒಬ್ಬರನ್ನು ಕರೆದಿದ್ದೆವು. ಇಪ್ಪತ್ತು ವರ್ಷದ ಮೇಲಾಗಿದೆ ಅವರ ಸರ್ವಿಸ್. ನಾಟಕದವರು ಜೋರಾಗಿ ಕಥೆ ಹೇಳುತ್ತಿದ್ದರು: ಅಳಿಲು ಕಾಡಿಗೆ ಹೋಗುತ್ತೆ, ಅಲ್ಲಿ ಹುಲಿ ಸಿಗುತ್ತೆ, ಹುಲಿಗೆ ಬುದ್ಧಿ ಕಲಿಸುತ್ತೆ. ಟೀಚರ್ ಸುಮ್ಮನೆ ಕೇಳಿಸಿಕೊಂಡರು. ಕಾಫಿ ಲೋಟ ಕೆಳಗಿಟ್ಟು ಅಂದರು, "ಕಥೆ ಚೆನ್ನಾಗಿದೆ ಸಾರ್. ಮಗು ಮನೆಗೆ ಹೋಗಿ ಅಮ್ಮನಿಗೆ ಏನು ಮಾಡಿ ತೋರಿಸುತ್ತೆ, ಅದನ್ನು ಹೇಳಿ."

ಆ ಸಂಜೆ ಪೂರ್ತಿ ಅದೇ ಮಾತು. ನಾಟಕದವರಿಗೆ ಸ್ವಲ್ಪ ಕಸಿವಿಸಿ ಆಯ್ತು, ಟೀಚರ್ ಹಿಡಿದ ಪಟ್ಟು ಬಿಡಲಿಲ್ಲ. ಕಂಪನಿಯ ಗೋಷ್ಠಿಗಳಲ್ಲೂ ಇದೇ ಎಳೆದಾಟ ನಡೆದಿರುತ್ತದೆ ಅಲ್ವಾ? ಕಲಾವಿದರಿಗೆ ಕೈಕಟ್ಟಿದ ಹಾಗೆ ಅನ್ನಿಸುತ್ತೆ, ಮೇಷ್ಟ್ರುಗಳಿಗೆ ಬರೀ ತಮಾಷೆ ಅನ್ನಿಸುತ್ತೆ. ಇಬ್ಬರನ್ನೂ ಎದ್ದು ಹೋಗದ ಹಾಗೆ ಕೂರಿಸಿದ್ದೇ ಲೆಸ್ಸರ್ ಅವರ ದೊಡ್ಡ ಕೆಲಸ ಅಂತ ನನಗೆ ಅನ್ನಿಸುತ್ತದೆ. ರಾತ್ರಿ ಊಟದ ಹೊತ್ತಿಗೆ ನಮ್ಮಲ್ಲೂ ಮೂರು ಗುರಿ ಕಾಗದದ ಮೇಲೆ ಬಂದವು. ಐದು ವಸ್ತು ಮುಂದಿಟ್ಟರೆ ಮಗು ಒಂದೊಂದನ್ನೇ ಮುಟ್ಟಿ ಎಣಿಸಬೇಕು. ಅ, ಆ, ಇ, ಈ ತೋರಿಸಿದರೆ ಹೆಸರು ಹೇಳಬೇಕು. ಜಾರುಬಂಡೆ ಹತ್ತಿರ ತನ್ನ ಸರದಿ ಬರೋವರೆಗೂ ನಿಲ್ಲಬೇಕು. ಕಾಡು, ಹುಲಿ ಎರಡೂ ಹೋದವು. ಅಳಿಲು ಉಳಿಯಿತು.

ಗೊಂಬೆ ಮಾಡಿದ ಭಾಗ ಬೇಗ ಹೇಳಿ ಮುಗಿಸುತ್ತೇನೆ. ಜಿಮ್ ಹೆನ್ಸನ್ 1955ರಲ್ಲಿ ಕರ್ಮಿಟ್ ಅನ್ನೋ ಗೊಂಬೆಯನ್ನು ಮಾಡಿದ್ದು ತಾಯಿಯ ಹಳೇ ಹಸಿರು ಕೋಟಿನ ಬಟ್ಟೆಯಿಂದ. ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣು. ಅವರ ಗೊಂಬೆಗಳು ಮೆತ್ತಗಿರುತ್ತವೆ. ಒಳಗಿನ ಬೆರಳು ಸ್ವಲ್ಪ ಅಲುಗಿದರೂ ಮುಖದ ಭಾವ ಬದಲಾಗುತ್ತದೆ. ದಸರೆಗೆ ಕೂರಿಸುವ ಪಟ್ಟದ ಗೊಂಬೆ ನೋಡಿ ಬೆಳೆದ ನಮಗೆ ಇದೊಂದು ಹೊಸ ಪಾಠ. ಗೆಳತಿ ಕುರ್ಚಿಗೆ ಹಾಕುವ ಸ್ಪಂಜು ತಂದು, ಕತ್ತರಿಸಿ, ಕಂದು ಬಣ್ಣದ ಹಳೇ ಶಾಲು ಹೊದಿಸಿ ಅಳಿಲನ್ನು ಮಾಡಿದಳು. ಬೆನ್ನ ಮೇಲೆ ಮೂರು ಬಿಳಿ ಗೆರೆ. ಹೆಸರು ಚುರ್ಕಿ. ಆಡಿಸುವವರು ಕೆಳಗೆ ಕೂತು ಎದುರಿನ ಟಿವಿಯಲ್ಲಿ ತಮ್ಮ ಗೊಂಬೆಯನ್ನೇ ನೋಡುತ್ತಾ ಆಡಿಸಬೇಕು. ಹೆನ್ಸನ್ ಅವರ ರೂಢಿಯೂ ಅದೇ. ಎಂಟಡಿಗಿಂತ ಎತ್ತರದ ಬಿಗ್ ಬರ್ಡ್ ಅನ್ನೋ ಹಳದಿ ಹಕ್ಕಿಯ ಒಳಗೆ ನಿಂತು ಆಡಿಸುತ್ತಿದ್ದ ಕ್ಯಾರಲ್ ಸ್ಪಿನ್ನಿ ಅವರಿಗೆ ಹೊರಗೇನೂ ಕಾಣುತ್ತಿರಲಿಲ್ಲ. ಒಂದು ಕೈ ತಲೆ ಮೇಲೆತ್ತಿ ಹಕ್ಕಿಯ ತಲೆ ಆಡಿಸುತ್ತಾ, ಎದೆಗೆ ಕಟ್ಟಿಕೊಂಡ ಪುಟ್ಟ ಟಿವಿಯಲ್ಲಿ ನೋಡಿಕೊಂಡು ನಡೆಯುತ್ತಿದ್ದರು. 1969ರಿಂದ 2018ರವರೆಗೆ, ಸುಮಾರು ಐವತ್ತು ವರ್ಷ! ನಮ್ಮ ನಾಟಕದವರಿಗೆ ಅರ್ಧ ಗಂಟೆಗೇ ತೋಳು ಜೋಮು ಹಿಡಿಯುತ್ತಿತ್ತು. ಸ್ಪಿನ್ನಿ ಅವರ ವಿಷಯ ಕೇಳಿದ ಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಹತ್ತು ನಿಮಿಷದ ಚಿತ್ರ ತಯಾರಾಯಿತು. ಸೊಪ್ಪು ಮಾರುವ ಅಜ್ಜಿ, ಅಂಗಡಿ ಪಕ್ಕದ ಮರದಲ್ಲಿ ಚುರ್ಕಿ. ಅಜ್ಜಿ ಪಾತ್ರಕ್ಕೆ ನಮ್ಮ ಬೀದಿಯವರೇ ಒಬ್ಬರು, ನಿಜವಾಗಿಯೂ ದೇವರಾಜ ಮಾರುಕಟ್ಟೆಯಿಂದ ಸೊಪ್ಪು ತಂದು ಮಾರುತ್ತಿದ್ದವರು. ಈಗ ಪರೀಕ್ಷೆ.

ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಕಂಪನಿಯ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಎಡ್ವರ್ಡ್ ಪಾಮರ್. ಮಗು ಕಾರ್ಯಕ್ರಮವನ್ನು ನೋಡುತ್ತಿದೆಯಾ ಅಂತ ತಿಳಿಯೋಕೆ ಅವರು ಮಾಡಿದ ಉಪಾಯ ತುಂಬಾ ಸರಳ. ಟಿವಿ ಪಕ್ಕದಲ್ಲೇ ಇನ್ನೊಂದು ಪರದೆ. ಅದರ ಮೇಲೆ ಏಳೂವರೆ ಸೆಕೆಂಡಿಗೊಂದು ಬಣ್ಣದ ಚಿತ್ರ ಬದಲಾಗುತ್ತಾ ಇರುತ್ತದೆ. ಚಿತ್ರ ಬದಲಾದಾಗಲೆಲ್ಲ ಮಗುವಿನ ಕಣ್ಣು ಎಲ್ಲಿದೆ, ಟಿವಿ ಮೇಲಾ, ಆಚೆಯಾ ಅಂತ ಪಕ್ಕದಲ್ಲಿ ಕೂತವರು ಗುರುತು ಹಾಕುತ್ತಾರೆ. ಕೊನೆಗೆ ಎಲ್ಲ ಮಕ್ಕಳ ಗುರುತು ಕೂಡಿಸಿದರೆ, ಕಾರ್ಯಕ್ರಮದ ಯಾವ ಜಾಗ ಹಿಡಿದಿಡುತ್ತದೆ, ಯಾವ ಜಾಗ ಜಾರುತ್ತದೆ ಅನ್ನೋದು ಕಣ್ಣಿಗೆ ಕಟ್ಟಿದಂತೆ ಸಿಗುತ್ತದೆ.

ಅಂಗನವಾಡಿ ಟೀಚರ್ ತಮ್ಮ ಕೇಂದ್ರದಲ್ಲೇ ಮಾಡೋಣ ಅಂದರು, ಮಕ್ಕಳ ಮನೆಯವರನ್ನೂ ಕೇಳಿ ಒಪ್ಪಿಸಿದರು. ಬೆಳಿಗ್ಗೆ ಹಾಲು ಕುಡಿದಾದ ಮೇಲೆ ಶುರು. ಚಾಪೆ ಮುಂದೆ ಟಿವಿ, ಓರೆಗೆ ಒಂದು ಲ್ಯಾಪ್‌ಟಾಪ್. ಲ್ಯಾಪ್‌ಟಾಪಿನಲ್ಲಿ ಮಕ್ಕಳ ಕಣ್ಣು ಸೆಳೆಯುವಂಥ ಚಿತ್ರಗಳನ್ನೇ ಹಾಕಿದ್ದೆವು: ದೀಪ ಹಾಕಿದ ಅರಮನೆ, ಮೃಗಾಲಯದ ಜಿರಾಫೆ, ರೈಲು, ಐಸ್‌ಕ್ರೀಮ್ ಗಾಡಿ, ಜಂಬೂಸವಾರಿಯ ಆನೆ. ಒಂದು ಸಲಕ್ಕೆ ಒಂದೇ ಮಗು. ನನ್ನ ಕೈಯಲ್ಲಿ ಚೌಕ ಹಾಕಿದ ಹಾಳೆ, ಪೆನ್ಸಿಲು. ಕ್ಯಾಮೆರಾ ಹುಡುಗ ಸಮಯ ನೋಡಿ ನನ್ನ ತೋಳನ್ನು ಮೆಲ್ಲಗೆ ತಟ್ಟುತ್ತಿದ್ದ. ಮಾತಾಡಿದರೆ ಮಗು ನಮ್ಮ ಕಡೆ ತಿರುಗಿಬಿಡುತ್ತದೆ.

ಹಸಿರು ಫ್ರಾಕಿನ ಒಂದು ಹುಡುಗಿ ಬಂದು ಕೂತಳು. ಚುರ್ಕಿ ಮರದಿಂದ ಇಳಿದಾಗ ಬಾಯಿ ತೆರೆದು ನೋಡುತ್ತಿದ್ದಳು. ಟಿಕ್, ಟಿಕ್, ಟಿಕ್. ಆಮೇಲೆ ಅಜ್ಜಿ ಒಬ್ಬರೇ ಕ್ಯಾಮೆರಾ ನೋಡಿ ಸೊಪ್ಪಿನ ಬಗ್ಗೆ ಹೇಳುವ ಭಾಗ. ಕಣ್ಣು ಜಿರಾಫೆಗೆ ಹೋಯ್ತು. ಅಲ್ಲಿಂದ ರೈಲಿಗೆ. ಫ್ರಾಕಿನ ಗುಂಡಿ ತಿರುವೋಕೆ ಶುರು ಮಾಡಿದಳು. ಚುರ್ಕಿಯ ದನಿ ಕೇಳಿದ್ದೇ ಕತ್ತು ಟಿವಿ ಕಡೆ. ಮುಂದಿನ ಹುಡುಗನೂ ಹಾಗೇ. ಅವನ ಮುಂದಿನವಳೂ ಹಾಗೇ. ಹಾಳೆಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಅಜ್ಜಿ ಒಬ್ಬರೇ ಇದ್ದ ಕಡೆಯೆಲ್ಲ ಗುರುತು ಖಾಲಿ ಖಾಲಿ.

ನನಗೆ ಮೈ ಜುಮ್ಮೆಂದಿತು. ಯಾಕೆ ಅಂದರೆ ಕಂಪನಿಯವರಿಗೆ 1969ರ ಜುಲೈನಲ್ಲಿ ಕಂಡದ್ದೂ ಇದೇ. ಪ್ರಸಾರಕ್ಕೆ ಮೊದಲು ಐದು ಕಂತುಗಳನ್ನು ಪ್ರಯೋಗಕ್ಕೆ ಅಂತ ಮಾಡಿ ಫಿಲಡೆಲ್ಫಿಯಾದ ಮಕ್ಕಳಿಗೆ ತೋರಿಸಿದರು. ಗೊಂಬೆಗಳು ಬಂದಾಗ ಮಕ್ಕಳು ನೋಡುತ್ತಿದ್ದರು. ಬೀದಿಯಲ್ಲಿ ಬರೀ ಮನುಷ್ಯರು ಮಾತಾಡುವಾಗ ಗಮನ ಆಚೆ ಹೋಗುತ್ತಿತ್ತು. ನಿಜವಾದ ಮನುಷ್ಯರನ್ನೂ ಗೊಂಬೆಗಳನ್ನೂ ಬೆರೆಸಿದರೆ ಮಕ್ಕಳಿಗೆ ಗೊಂದಲ ಆಗುತ್ತೆ ಅಂತ ತಜ್ಞರು ಹೇಳಿದ್ದರು, ಅದಕ್ಕೇ ಬೇರೆ ಬೇರೆ ಇಟ್ಟಿದ್ದರು. ಪರೀಕ್ಷೆಯಲ್ಲಿ ಕಂಡ ಮೇಲೆ ಆ ಸಲಹೆಯನ್ನು ಪಕ್ಕಕ್ಕಿಟ್ಟರು. ಬೀದಿಯಲ್ಲೇ ಮನುಷ್ಯರ ಜೊತೆ ಓಡಾಡೋಕೆ ಅಂತ ಹೆನ್ಸನ್ ಹೊಸ ಗೊಂಬೆಗಳನ್ನು ಮಾಡಿದರು. ಬಿಗ್ ಬರ್ಡ್ ಬಂದದ್ದು ಹೀಗೆ. ಕಸದ ಡಬ್ಬದಲ್ಲಿ ಕೂರುವ ಆಸ್ಕರ್ ಬಂದದ್ದೂ ಹೀಗೆ. ದುಡ್ಡು ಸುರಿದು ಮಾಡಿದ ಇನ್ನೊಂದು ಭಾಗವನ್ನು, ಅಕ್ಷರ ಕಲಿಸುವ ಪತ್ತೇದಾರನದ್ದು ಅದು, ಮಕ್ಕಳು ನೋಡಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಕೈಬಿಟ್ಟರು. 1969ರ ನವೆಂಬರ್ 10ರಂದು ಕಾರ್ಯಕ್ರಮ ಶುರುವಾದಾಗ ಬೀದಿ ಪೂರ್ತಿ ಬೇರೆಯಾಗಿತ್ತು. ತಜ್ಞರ ಮಾತು ಒಂದು ಕಡೆ, ಮೂರು ನಾಲ್ಕು ವರ್ಷದ ಮಕ್ಕಳ ಕಣ್ಣು ಒಂದು ಕಡೆ ಆದಾಗ ಮಕ್ಕಳ ಕಡೆ ನಿಂತರಲ್ಲ, ಈ ಕಂಪನಿಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಘಟನೆ ಅದು.

ನಾವು ಅಜ್ಜಿಯ ಪಕ್ಕಕ್ಕೇ ಚುರ್ಕಿಯನ್ನು ತಂದೆವು. ಅಜ್ಜಿ ಸೊಪ್ಪು ಎಣಿಸುವಾಗ ಚುರ್ಕಿ ಬುಟ್ಟಿ ಅಂಚಿನಲ್ಲಿ ಕೂತಿರುತ್ತದೆ. ಗಮನದ ತೊಂದರೆ ಹೋಯ್ತು. ಆದರೆ ನೋಡೋದು ಬೇರೆ, ಕಲಿಯೋದು ಬೇರೆ. ಕಂಪನಿಯವರು ಇದನ್ನೂ ಬೇಗ ಕಂಡುಕೊಂಡಿದ್ದರು. ಅದಕ್ಕೇ ಮಕ್ಕಳ ಕಲಿಕೆ ಅಳೆಯೋಕೆ ಹೊರಗಿನ ಒಂದು ಪರೀಕ್ಷಾ ಸಂಸ್ಥೆಗೆ ಒಪ್ಪಿಸಿದ್ದರು, ತಮ್ಮ ಬೆನ್ನು ತಾವೇ ತಟ್ಟಿಕೊಳ್ಳಲಿಲ್ಲ. ನಾವು ಚಿತ್ರ ಮುಗಿದ ಮೇಲೆ ನಿಜವಾದ ಐದು ಕಟ್ಟು ಸೊಪ್ಪನ್ನು ಮಗುವಿನ ಮುಂದೆ ಇಟ್ಟೆವು. ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್, ಕೊತ್ತಂಬರಿ. "ಎಣಿಸಪ್ಪ" ಅಂದೆ. ಒಬ್ಬ ಹುಡುಗ ಗಂಭೀರವಾಗಿ ನೋಡಿ, ಪಕ್ಕದ ಲೋಟಕ್ಕೆ ಬೆರಳದ್ದಿ ಐದೂ ಕಟ್ಟಿನ ಮೇಲೆ ನೀರು ಚಿಮುಕಿಸಿದ. ಚಿತ್ರದಲ್ಲಿ ಅಜ್ಜಿ ಎಣಿಸುವಾಗ ರೂಢಿಯಂತೆ ನೀರು ಚಿಮುಕಿಸುತ್ತಿದ್ದರು! ಅವನಿಗೆ ಹಿಡಿದದ್ದು ಅದು. ಟೀಚರ್ ತಕ್ಷಣ ಹೇಳಿದರು, "ಎಣಿಸೋವಾಗ ಬೇರೇನೂ ಅಲ್ಲಾಡಬಾರದು ಮೇಡಂ. ಅಜ್ಜಿ ಬೆರಳು ಮಾತ್ರ." ಮತ್ತೆ ಶೂಟ್ ಮಾಡುವಾಗ ನೀರಿನ ಚೊಂಬು ತೆಗೆದೆವು, ಚುರ್ಕಿಗೂ ಆ ಹೊತ್ತು ಅಲುಗಾಡದೆ ಬೆರಳನ್ನೇ ನೋಡು ಅಂದೆವು. ಗೊಂಬೆ ಎಲ್ಲಿ ನೋಡುತ್ತದೋ ಮಗುವೂ ಅಲ್ಲೇ ನೋಡುತ್ತದೆ.

ಅಕ್ಷರದ ಭಾಗಕ್ಕೂ ಕಂಪನಿಯ ಹಳೇ ಪಾಠವೊಂದು ಕೈಹಿಡಿಯಿತು. ಗಂಭೀರ ದನಿಯ ನಟ ಜೇಮ್ಸ್ ಅರ್ಲ್ ಜೋನ್ಸ್ ಅವರಿಂದ ಇಂಗ್ಲಿಷ್ ಅಕ್ಷರಮಾಲೆ ಹೇಳಿಸಿದ್ದರು. ತುಂಬಾ ನಿಧಾನ. ಮೊದಲು ಅಕ್ಷರ ಪರದೆ ಮೇಲೆ ಬರುತ್ತದೆ, ಅವರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ, ಆಮೇಲೆ ಹೇಳುತ್ತಾರೆ. ಮೊದಲ ಸಲ ಮಕ್ಕಳು ಅವರ ಹಿಂದೆ ಹೇಳಿದರು. ಮತ್ತೆ ಮತ್ತೆ ನೋಡಿದ ಮೇಲೆ ಅವರ ಜೊತೆಗೇ ಹೇಳಿದರು. ಕೊನೆಗೆ ಅವರು ಬಾಯಿ ತೆರೆಯೋ ಮುಂಚೆಯೇ ಹೇಳಿಬಿಟ್ಟರು. ನಾವು ಅಜ್ಜಿಗೆ ಹೇಳಿದೆವು, "ಅಕ್ಷರ ಬಂದ ಮೇಲೆ ಉಸಿರು ಒಳಗೆಳೆದುಕೊಂಡು ಕಾಯಿರಿ ಅಜ್ಜಿ." ಅಜ್ಜಿಗೆ ಓದು ಬರೋದಿಲ್ಲ, ಹಾಗಾಗಿ ಅಕ್ಷರವನ್ನು ಅವರೂ ಚುರ್ಕಿ ಜೊತೆ ಅಲ್ಲೇ ಕಲಿತರು. ಆ ಕಲಿಯುವ ಕುತೂಹಲ ಮುಖದಲ್ಲಿ ಹಾಗೇ ಬಂತು. ತೋರಿಸಿದ ದಿನ ಅಂಗನವಾಡಿಯಲ್ಲಿ 'ಇ' ಪರದೆ ಮೇಲೆ ಬಂದು ಅಜ್ಜಿ ಉಸಿರೆಳೆದರು. ಚಾಪೆ ಮೇಲಿನ ಮಕ್ಕಳೆಲ್ಲ 'ಇ!' ಅಂತ ಕಿರುಚಿದರು. ಸಹಾಯಕಿ ಅಡುಗೆ ಬಿಟ್ಟು ಏನಾಯ್ತೋ ಅಂತ ಓಡಿ ಬಂದರು.

ಇಷ್ಟೆಲ್ಲ ಆದದ್ದು ಹತ್ತು ನಿಮಿಷಕ್ಕೆ. ಕಂಪನಿಯವರು ಮೊದಲ ವರ್ಷವೇ ಒಂದೊಂದು ಗಂಟೆಯ 130 ಕಂತು ಮಾಡಿದ್ದರು. ಆ ಸಂಖ್ಯೆಯ ತೂಕ ಏನು ಅಂತ ಈಗ ನನಗೆ ಚೆನ್ನಾಗಿ ಗೊತ್ತು.

ಮುಂದಿನ ಚರಿತ್ರೆಯಲ್ಲಿ ಎರಡು ಮೂರು ವಿಷಯ ನಮ್ಮ ಗುಂಪಿನಲ್ಲಿ ಬಹಳ ಚರ್ಚೆಗೆ ಬಂದವು. ಒಂದು, 1970ರಲ್ಲಿ ಮಿಸಿಸಿಪಿ ರಾಜ್ಯದ ಶೈಕ್ಷಣಿಕ ಟಿವಿ ಆಯೋಗ ಈ ಕಾರ್ಯಕ್ರಮ ಬೇಡ ಅಂತ ತೀರ್ಮಾನಿಸಿದ್ದು. ಕಾರಣ? ಕರಿಯರು, ಬಿಳಿಯರು ಒಂದೇ ಬೀದಿಯಲ್ಲಿ ಬದುಕುವುದನ್ನು ಅದು ತೋರಿಸುತ್ತಿತ್ತು. ಸುದ್ದಿ ಹೊರಬಿದ್ದು ಗಲಾಟೆಯಾಯಿತು, 22 ದಿನದಲ್ಲಿ ತೀರ್ಮಾನ ವಾಪಸ್ ಆಯಿತು. ಮಕ್ಕಳ ಕಾರ್ಯಕ್ರಮದಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಅನ್ನೋದು ಸಣ್ಣ ವಿಷಯ ಅಲ್ಲ. ನಮ್ಮ ಅಂಗನವಾಡಿ ಚಾಪೆಗೂ ಇದು ಸಲ್ಲುವ ಮಾತು.

ಎರಡನೆಯದು, ಬೇರೆ ದೇಶಕ್ಕೆ ಹೋದಾಗ ಅವರು ನಡೆದುಕೊಂಡ ರೀತಿ. 1972ರಲ್ಲಿ ಮೆಕ್ಸಿಕೊ, ಬ್ರೆಜಿಲ್, 1973ರಲ್ಲಿ ಜರ್ಮನಿ. ಅಲ್ಲಿಯವರೇ ಕೂತು ತಮ್ಮ ಮಕ್ಕಳಿಗೆ ಏನು ಬೇಕು ಅಂತ ಮಾತಾಡಿಕೊಂಡು ಮಾಡುವ ಪದ್ಧತಿ ಬೆಳೆಯಿತು. ದಕ್ಷಿಣ ಆಫ್ರಿಕಾದಲ್ಲಿ 2002ರಲ್ಲಿ ಕಾಮಿ ಅನ್ನೋ ಗೊಂಬೆ ಬಂತು. ಅವಳಿಗೆ ಎಚ್‌ಐವಿ ಇದೆ. ಆ ನಾಡಿನ ಮಕ್ಕಳಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದ ಗೊಂಬೆ ಅದು. ನಾವು ಕನ್ನಡದಲ್ಲಿ ಮಾಡುವಾಗ ಅವರ ಬೀದಿಯನ್ನು ಎತ್ತಿ ತಂದು ಇಲ್ಲಿ ಇಡಬೇಕಾಗಿಲ್ಲ. ಅವರು ಕೆಲಸ ಮಾಡುವ ಕ್ರಮ ತಂದರೆ ಸಾಕು. ಮೈಸೂರಿನಲ್ಲಿ ಅದಕ್ಕೆ ಬೇಕಾದವರು ಎಲ್ಲರೂ ಇದ್ದಾರೆ. 1969ರಲ್ಲೇ, ಅಂದರೆ ಸೆಸಮಿ ಸ್ಟ್ರೀಟ್ ಶುರುವಾದ ವರ್ಷವೇ, ಇಲ್ಲಿ ಭಾರತೀಯ ಭಾಷಾ ಸಂಸ್ಥಾನ ಹುಟ್ಟಿತು. ಶಿಕ್ಷಕರನ್ನು ತಯಾರು ಮಾಡುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸುವ ರಂಗಾಯಣ ಇದೆ. ಇವರೆಲ್ಲ ಒಂದು ಬೇಸಿಗೆ ಒಂದೇ ಮೇಜಿಗೆ ಕೂರಬೇಕು ಅನ್ನೋದು ನನ್ನ ದೊಡ್ಡ ಆಸೆ.

ಮೂರನೆಯದು ದುಡ್ಡು. 2016ರಿಂದ ಕಂಪನಿಯ ಹೊಸ ಕಂತುಗಳು ಮೊದಲು ಎಚ್‌ಬಿಒ ಅನ್ನೋ ದುಡ್ಡು ಕೊಟ್ಟು ನೋಡುವ ವಾಹಿನಿಯಲ್ಲಿ, ಒಂಬತ್ತು ತಿಂಗಳ ನಂತರ ಸಾರ್ವಜನಿಕ ವಾಹಿನಿಯಲ್ಲಿ ಬರೋ ಹಾಗಾಯಿತು. ಬಡ ಮಕ್ಕಳಿಗೆ ಅಂತ ಹುಟ್ಟಿದ ಕಾರ್ಯಕ್ರಮವನ್ನು ಬಡ ಮಕ್ಕಳು ಕಾದು ನೋಡಬೇಕಾಯಿತು. ಇದು ನನಗೆ ಬೇಸರ ತಂದ ಅಧ್ಯಾಯ. 2025ರ ಹೊಸ ಒಪ್ಪಂದದಲ್ಲಿ ನೆಟ್‌ಫ್ಲಿಕ್ಸಿನಲ್ಲೂ ಸಾರ್ವಜನಿಕ ವಾಹಿನಿಯಲ್ಲೂ ಒಂದೇ ದಿನ ಬರುವಂತೆ ಆಗಿದೆ ಅನ್ನೋದು ಸಮಾಧಾನ. ಈ ಕೆಲಸಕ್ಕೆ ಸರ್ಕಾರದ ಹಣ ಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಅಂಗನವಾಡಿಗೆ ಮೊಟ್ಟೆ, ಹಾಲು ಕೊಡುವ ಹಾಗೆ ಇದನ್ನೂ ಕೊಡಬೇಕು.

ಈಗ ನಾವು ಎರಡನೇ ಚಿತ್ರಕ್ಕೆ ಕೂತಿದ್ದೇವೆ. ವಿಷಯ ಕೊಟ್ಟವರು ಟೀಚರ್. ಕೇಂದ್ರದ ಒಂದು ಮಗುವಿನ ತಾತ ತೀರಿಕೊಂಡರು. ದಿನಾ ಕರೆದುಕೊಂಡು ಬರುತ್ತಿದ್ದವರು ಅವರೇ. "ತಾತ ಊರಿಗೆ ಹೋಗಿದ್ದಾರೆ" ಅಂತ ಮನೆಯಲ್ಲಿ ಹೇಳಿದ್ದಾರೆ. ಮಗು ಬಾಗಿಲಲ್ಲೇ ನಿಂತಿರುತ್ತದೆ, ಒಳಗೆ ಬರೋದಿಲ್ಲ. "ಇದಕ್ಕೇನಾದ್ರೂ ಮಾಡಿ ಮೇಡಂ" ಅಂದರು.

ಕಂಪನಿಗೂ ಇಂಥ ಹೊತ್ತು ಬಂದಿತ್ತು. ಅಂಗಡಿಯ ಹೂಪರ್ ತಾತನ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರ ಡಿಸೆಂಬರಿನಲ್ಲಿ ತೀರಿಕೊಂಡರು. ಬೇರೆ ನಟನನ್ನು ತರಬಹುದಿತ್ತು, ದೂರದೂರಿಗೆ ಹೋದರು ಅಂತ ಹೇಳಿ ಮುಗಿಸಬಹುದಿತ್ತು. ಎರಡನ್ನೂ ಮಾಡಲಿಲ್ಲ. ಮನಶ್ಶಾಸ್ತ್ರಜ್ಞರ ಜೊತೆ ಕೂತು, ಮಗುವಿಗೆ ತಲುಪಬೇಕಾದ್ದನ್ನು ಬರೆದುಕೊಂಡರು: ಹೂಪರ್ ಸತ್ತಿದ್ದಾರೆ, ಅವರು ವಾಪಸ್ ಬರೋದಿಲ್ಲ, ಎಲ್ಲರಿಗೂ ಅವರ ನೆನಪು ಕಾಡುತ್ತದೆ. ಬಿಗ್ ಬರ್ಡ್ ಎಲ್ಲರ ಚಿತ್ರ ಬರೆದು ತಂದು ಹಂಚುತ್ತಾನೆ, ಹೂಪರ್ ಅವರದ್ದನ್ನು ಕೊಡೋಕೆ ಹುಡುಕುತ್ತಾನೆ. ದೊಡ್ಡವರು ಕೂರಿಸಿಕೊಂಡು ನಿಜ ಹೇಳುತ್ತಾರೆ. ಆ ಕಂತು ಬಂದದ್ದು 1983ರ ನವೆಂಬರ್ 24, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ಅಪ್ಪ ಅಮ್ಮ ಮನೆಯಲ್ಲಿರುತ್ತಾರೆ, ಮಗು ಪ್ರಶ್ನೆ ಕೇಳಿದರೆ ಉತ್ತರ ಹೇಳೋಕೆ ಜನ ಇರುತ್ತಾರೆ ಅಂತ ಆ ದಿನವನ್ನೇ ಆರಿಸಿದ್ದರು.

ನಮ್ಮ ಮೇಜಿನಲ್ಲಿ ಇದರ ಮಾತು ಬಿಸಿಯಾಗಿಯೇ ನಡೆಯಿತು. ಸತ್ತರು ಅಂತ ಮಕ್ಕಳ ಮುಂದೆ ಅನ್ನೋದು ಹೇಗೆ, ಅಶುಭ ಅಲ್ವಾ, ದೇವರ ಹತ್ತಿರ ಹೋದರು ಅನ್ನೋಣ ಅಂತ ನಾಟಕದವರು. ದೇವರ ಹತ್ತಿರ ಹೋದವರು ಚಾಮುಂಡಿ ಬೆಟ್ಟಕ್ಕೆ ಹೋದವರ ಹಾಗೆ ಸಂಜೆಗೆ ಬರುತ್ತಾರೆ ಅಂತ ಮಗು ಕಾಯುತ್ತೆ ಅಂತ ಟೀಚರ್. ಅಜ್ಜಿ ಪಾತ್ರ ಮಾಡಿದವರನ್ನೂ ಕೇಳಿದೆವು. ಅವರು ಸ್ವಲ್ಪ ಯೋಚಿಸಿ, "ನಮ್ ಯಜಮಾನ್ರು ಹೋದಾಗ ಮೊಮ್ಮಗಳಿಗೆ ನಾನೇ ಹೇಳ್ದೆ ಕಣಮ್ಮ, ತಾತ ಸತ್ತೋದ್ರು, ಇನ್ ಬರಲ್ಲ, ನಾನಿದೀನಿ ಅಂತ. ಅತ್ತು ಮಲಗ್ತು" ಅಂದರು. ಅದೇ ಮಾತನ್ನು, ಅವರ ಬಾಯಲ್ಲೇ, ಸ್ಕ್ರಿಪ್ಟಿನಲ್ಲಿ ಇಟ್ಟಿದ್ದೇವೆ. ಚುರ್ಕಿ ಕೇಳುತ್ತದೆ, ಅಜ್ಜಿ ಹೇಳುತ್ತಾರೆ.

ಮಕ್ಕಳಿಗೆ ನೇರವಾಗಿ ತೋರಿಸೋದಿಲ್ಲ. ಮೊದಲು ಕೇಂದ್ರದ ತಾಯಂದಿರ ಸಭೆಯಲ್ಲಿ ಸ್ಕ್ರಿಪ್ಟ್ ಓದುತ್ತೇವೆ. ಅವರು ಬೇಡ ಅಂದ ಕಡೆ ತಿದ್ದುತ್ತೇವೆ. ಆಮೇಲೆ ಶೂಟಿಂಗ್, ಮತ್ತೆ ಅದೇ ಎರಡು ಪರದೆ, ಚೌಕದ ಹಾಳೆ. ಈ ಸಲ ಅಮ್ಮಂದಿರೂ ಮಕ್ಕಳ ಪಕ್ಕದಲ್ಲೇ ಕೂರುತ್ತಾರೆ.